ಫೇಲಾದವರಿಗೊಂದು ಶಾಲು

ಬೀರುವಿನ ಬಾಗಿಲು ತೆಗೆದೊಡನೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಸನ್ಮಾನದ ಶಾಲುಗಳ ರಾಶಿ. ನಮ್ಮ ಕೋಟ, ಸಾಲಿಗ್ರಾಮದ ಕಡೆ ಮನುಷ್ಯ ಮಾಸ್ಟ್ರಾಗಿ, ಬಿಳಿ ಪಂಚೆ ಉಟ್ಟು ಸಭೆಯ ಮುಂದಿನ ಸಾಲಿನಲ್ಲಿ ಕುಳಿತನೆಂದರೆ ಸನ್ಮಾನದಿಂದ ಪಾರಾಗುವುದು ಕಷ್ಟ. ಹಾಗೆ ಕೂತು ಕೂತು ಗಳಿಸಿದ ಆಸ್ತಿ ಇದು. ನಾಳೆ ಪಿಯುಸಿ ಫಲಿತಾಂಶ. ಯಾವ ಶಾಲು ಕೊಡಲಿ ಎಂದು ನೋಡುತ್ತಿದ್ದಾಗ ನಮ್ಮ ಪಿ.ಟಿ. ಮಾಸ್ಟ್ರು ನೆನಪಾದರು…

ನಾನು ಬೈಂದೂರು ಕಡೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ವಾಲಿಬಾಲ್ ಕಲಿಸುತ್ತಿದ್ದರು. ಮದುವೆಯ ಊಟಕ್ಕೂ ಕೊರಳಲ್ಲಿ ಸೀಟಿ ಹಾಕಿಕೊಂಡೇ ಬರುತ್ತಿದ್ದ ಮನುಷ್ಯ. ತಾನು ಎಸ್ಸೆಲ್ಸಿ ಮೂರನೇ ಸಲಕ್ಕೆ ಪಾಸಾದದ್ದನ್ನು ಪ್ರಶಸ್ತಿ ಬಂದವರ ಹಾಗೆ ಹೇಳಿಕೊಳ್ಳುತ್ತಿದ್ದರು.

ಒಮ್ಮೆ ಸರಕಾರದಿಂದ ಸುತ್ತೋಲೆ ಬಂತು. ಮಕ್ಕಳ ಆತ್ಮಹತ್ಯೆ ತಡೆಯತಕ್ಕದ್ದು, ಫಲಿತಾಂಶದ ದಿನ ಧೈರ್ಯ ತುಂಬತಕ್ಕದ್ದು, ಒಬ್ಬ ಉಪನ್ಯಾಸಕರನ್ನು ತರಬೇತಿಗೆ ಕಳುಹಿಸತಕ್ಕದ್ದು. ನಾವೆಲ್ಲ ಓದಿ, ಸಹಿ ಹಾಕಿ, ಚಹಾ ಕುಡಿದೆವು. ಪಾಠ ನಿಲ್ಲಬಾರದೆಂಬ ಘನ ಉದ್ದೇಶದಿಂದ ಪಿ.ಟಿ. ಮಾಸ್ಟ್ರನ್ನು ಸರ್ವಾನುಮತದಿಂದ ಉಡುಪಿಗೆ ಕಳುಹಿಸಿಕೊಟ್ಟೆವು. ತೊಂದರೆಯಾದದ್ದು ಅಲ್ಲೇ. ಅವರು ತರಬೇತಿಯನ್ನು ಪೂರ್ತಿ ಕೇಳಿಸಿಕೊಂಡು ಬಂದಿದ್ದರು.

"ಮಕ್ಳತ್ರ ನೇರ ಕೇಣ್ಕ್ ಅಂಬ್ರ್," ಎಂದರು ಬಂದವರೇ, ಕೇಳಲೇಬೇಕು ಎಂಬ ಧಾಟಿಯಲ್ಲಿ. "ಕೇಂಡ್ರೆ ಇಲ್ದಿದ್ ಯೋಚ್ನೆ ಹುಟ್ಟುದಿಲ್ಲ, ಇದ್ದದ್ ಹೊರಗ್ ಬತ್ತ್ ಅಷ್ಟೇ. ಮತ್ ಒಂದ್ ವಿಷ್ಯ. ಪಾಸಾದವ್ರಿಗೆ ಊರೇ ಸನ್ಮಾನ ಮಾಡತ್ತ್. ಫೇಲಾದವ್ರ ಮನಿಗ್ ನಾವ್ ಹೋಪ. ಶಾಲ್ ಇತ್ತಾ ನಿಮ್ಮತ್ರ?"

ಎಲ್ಲರೂ ನಕ್ಕರು. ಪ್ರಾಂಶುಪಾಲರು ಖರ್ಚನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ಕೇಳಿದರು. ಕೊನೆಗೆ ನನ್ನ ಬೀರುವಿಗೇ ಕೈ ಬಿತ್ತು. ಶಾಲಿನ ಜೊತೆ ಶಾಲಿನ ಒಡೆಯನೂ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಹೊರಡಬೇಕಾಯಿತು.

ಫಲಿತಾಂಶದ ದಿನ ನಾವುಂದದಲ್ಲಿ ಫೇಲಾದ ಹುಡುಗನೊಬ್ಬನ ಮನೆ ತಲುಪಿದಾಗ ಮಧ್ಯಾಹ್ನದ ಸುಡು ಬಿಸಿಲು. ತಂದೆ ಮೀನುಗಾರಿಕೆ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದರು. ತಾಯಿ ಜಗಲಿಯಲ್ಲಿ ನಿಂತಿದ್ದರು.

"ಬನ್ನಿ ಮಾಸ್ಟ್ರೇ. ಉಂಬುಕೂ ಬರ್ಲಿಲ್ಲ ಅವ. ಬಾಗ್ಲೇ ತೆಗಿತಿಲ್ಲ," ಎಂದರು.

ಮಾಸ್ಟ್ರು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು.

"ಹ್ವಾಯ್, ನಾನ್ ಮಾರಾಯ. ಒಂದ್ ಮಾತ್ ಕೇಂತೆ. ಸಾಯ್ಕ್ ಅಂದ್ ಕಂಡಿತ್ತಾ ನಿಂಗೆ?"

ಸಾಯಬೇಕು ಅನಿಸಿತ್ತೇ ಎಂದು ಇಷ್ಟು ನೇರವಾಗಿ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ತಾಯಿ ಸೆರಗು ಬಾಯಿಗೊತ್ತಿಕೊಂಡರು. ಒಳಗಿನಿಂದ ಸಣ್ಣಗೆ, "ಹೌದ್."

"ಹೇಳಿದ್ ಒಳ್ಳೇದಾಯ್ತ್. ನಾನ್ ಇಲ್ಲಿಂದ ಏಳುದಿಲ್ಲ. ಎಸ್ಸೆಲ್ಸಿ ಎರಡ್ನೇ ಸಲ ಹೋದಾಗ ನಂಗೂ ಕಂಡಿತ್ತ್. ಕಾಣ್, ಈಗ ಎಷ್ಟ್ ದಪ್ಪ ಆಯಿದೆ. ಬಾಗ್ಲ್ ತೆಗಿ. ಕನ್ನಡ ಸರ್ ಶಾಲ್ ತಂದಿರ್. ಅವ್ರ್ ಬಿಟ್ಟಿ ಕೊಡುದ್ ಇದೇ ಮೊದಲ್."

ಚಿಲಕ ಸರಿಯಿತು.

ನಮ್ಮ ಸೀಮೆಯಲ್ಲಿ ಭಾಷಣವಿಲ್ಲದೆ ಶಾಲು ಹೊದೆಸುವ ಪದ್ಧತಿ ಇಲ್ಲ. ಹುಡುಗನ ಹೆಗಲಿಗೆ ಶಾಲು ಬಿದ್ದದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆ "ಮಾನ್ಯರೇ" ಎಂದು ಶುರುಮಾಡಿತು. ಸಭೆಯೆಂದರೆ ಅವನ ತಾಯಿ, ಮಾಸ್ಟ್ರು ಮತ್ತು ಮೆಟ್ಟಿಲ ಬಳಿ ಮಲಗಿದ್ದ ನಾಯಿ. ಸನ್ಮಾನಿತರು ಬೋಟಿನ ಎಂಜಿನು ಬಿಚ್ಚಿ ಜೋಡಿಸುವುದರಲ್ಲಿ ನಿಸ್ಸೀಮರು, ಹಳೆಗನ್ನಡಕ್ಕೆ ನಿದ್ರಿಸುವುದರಲ್ಲಿ ತರಗತಿಗೇ ಮೊದಲಿಗರು ಎಂದೆ. ನಾಯಿ ಎದ್ದು ಹೋಯಿತು. ಕೊನೆಗೆ ಅಭ್ಯಾಸಬಲದಿಂದ, "ಸನ್ಮಾನಿತರು ಎರಡು ಮಾತನಾಡಬೇಕೆಂದು ಕೋರುತ್ತೇನೆ" ಎಂದೂ ಅಂದುಬಿಟ್ಟೆ.

ಹುಡುಗ ನಗಲು ಹೋದ. ನಗು ಬರಲಿಲ್ಲ, ಮಾತು ಬಂತು.

"ಅಪ್ಪಯ್ಯ ಬೋಟಂಗೆ ಎಲ್ಲರ ಹತ್ರ ಹೇಳಿರಂಬ್ರ್, ಮಗ ಪಾಸಾತ ಅಂದ್. ನಾಳೆ ಬತ್ರ್. ನಾನ್ ಅವ್ರ ಮೊಕ ಹ್ಯಾಂಗ್ ಕಾಂಬುದ್…"

"ಮೊಕ ಕಾಂಬುಕೆ ನೀನ್ ಇರ್ಕ್ ಅಲ್ದಾ ಮಗಾ," ಎಂದು ತಾಯಿ ಅವನನ್ನು ಶಾಲಿನ ಸಮೇತ ತಬ್ಬಿಕೊಂಡರು. ನಾನು ತೆಂಗಿನ ಮರ ನೋಡತೊಡಗಿದೆ.

ಮಾಸ್ಟ್ರು ಅಲ್ಲಿಗೆ ಬಿಡಲಿಲ್ಲ. ಸರಕಾರದ ಸಹಾಯವಾಣಿಗೆ ಫೋನು ಹಚ್ಚಿ ಹುಡುಗನ ಕೈಗೆ ಕೊಟ್ಟರು. ಆಮೇಲೆ ನಾವು ನಾಲ್ವರೂ ರಿಕ್ಷಾ ಮಾಡಿಕೊಂಡು ಕುಂದಾಪುರದ ಆಸ್ಪತ್ರೆಗೆ, ಮಾನಸಿಕ ವೈದ್ಯರ ಬಳಿಗೆ ಹೋದೆವು. ಅವನನ್ನು ಒಂಟಿಯಾಗಿ ಬಿಡಬೇಡಿ, ಹೇಳಿದ ದಿನ ಮತ್ತೆ ಕರೆತನ್ನಿ ಎಂದರು ವೈದ್ಯರು. ತಾಯಿ ಎರಡನ್ನೂ ತಪ್ಪದೆ ಪಾಲಿಸಿದರು. ಮರುದಿನ ಬೋಟು ಗಂಗೊಳ್ಳಿ ಬಂದರಿಗೆ ಬರುವ ಮೊದಲೇ ಮಾಸ್ಟ್ರು ಅಲ್ಲಿ ನಿಂತಿದ್ದರಂತೆ. ವಿಷಯವೆಲ್ಲ ಕೇಳಿದ ತಂದೆ ಹಗ್ಗದ ಸುರುಳಿಯ ಮೇಲೆ ಕೂತರಂತೆ. "ಎಷ್ಟ್ ಸಲ ಖಾಲಿ ಬಲೆ ತಂದಿದೆ ನಾನ್, ಮಾಸ್ಟ್ರೇ. ಮನಿಯವ್ರ್ ನಂಗೆ ಎಂತಾರೂ ಹೇಳಿರಾ?" ಎಂದು ಎದ್ದು ಮನೆಗೆ ನಡೆದರಂತೆ.

ಹುಡುಗ ಮುಂದಿನ ಪರೀಕ್ಷೆಯಲ್ಲಿ ಪಾಸಾದ. ಕನ್ನಡದಲ್ಲಿ ಅಂಚಿಗೆ ಬಂದು ನಿಂತಿದ್ದ. ಅದನ್ನು ನಾನು ಕ್ಷಮಿಸಿದ್ದೇನೆ.

ಮರುವರ್ಷ ಪ್ರಾಂಶುಪಾಲರೇ ತಮ್ಮ ಜರಿಶಾಲು ಕೊಟ್ಟರು. ಆಮೇಲೆ ಬ್ರಹ್ಮಾವರ ಕಡೆಯ ಕಾಲೇಜಿನವರು ನಮ್ಮ ಕ್ರಮ ತಿಳಿಯಲು ಬಂದರು. ಪಾಸಾದವರ ಪಟ್ಟಿಯನ್ನು ಪತ್ರಿಕೆಯವರು ಹಾಕುತ್ತಾರೆ. ನಾವು ಶಾಲು ಹೊದೆಸಿದ ಫೇಲಾದವರೆಲ್ಲರೂ ಇದ್ದಾರೆ, ಒಬ್ಬರೂ ಕಡಿಮೆಯಾಗಿಲ್ಲ ಎಂಬುದನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಆದ್ದರಿಂದ ನಾನೇ ಇಲ್ಲಿ ಪ್ರಕಟಿಸುತ್ತಿದ್ದೇನೆ.

ಮಾಸ್ಟ್ರಿಗೆ ಮಾತ್ರ ಶಾಲು ಹೊದೆಸಲಾಗಲಿಲ್ಲ. ನಿವೃತ್ತಿಯ ದಿನವೂ, "ನಾನ್ ಪಾಸಾದವ. ನಂಗ್ ಎಂತಕೆ?" ಎಂದು ಅವಸರವಾಗಿ ತಪ್ಪಿಸಿಕೊಂಡರು. ಹೋದ ಮಳೆಗಾಲದಲ್ಲಿ ಹೃದಯಾಘಾತವಾಗಿ, ಅದೇ ಅವಸರದಲ್ಲಿ ಹೊರಟೇಹೋದರು…

ಹೊರಗೆ ಸ್ಕೂಟರಿನ ಹಾರ್ನ್ ಆಯಿತು. ನಾವುಂದದ ಆ ಹುಡುಗನೇ. ಈಗ ಗಂಗೊಳ್ಳಿಯಲ್ಲಿ ಬೋಟಿನ ಎಂಜಿನು ರಿಪೇರಿ ಮಾಡುತ್ತಾನೆ. ಫಲಿತಾಂಶದ ದಿನ ಮಾತ್ರ ಅವನ ಗ್ಯಾರೇಜಿಗೆ ರಜೆ.

"ಹ್ವಾಯ್ ಸರ್, ಶಾಲ್ ತೆಗ್ದಿಟ್ರ್ಯಾ? ನಾಳೆ ಬೆಳಿಗ್ಗೆಯೇ ಹೊರಡ್ಕ್. ಭಾಷಣ ಸ್ವಲ್ಪ ಸಣ್ಣ ಮಾಡಿ, ಆಯ್ತಾ."

ಮಾಸ್ಟ್ರಿಗೆಂದು ಎತ್ತಿಟ್ಟಿದ್ದ ರೇಷ್ಮೆ ಶಾಲು ಎಲ್ಲಕ್ಕಿಂತ ಕೆಳಗಿತ್ತು. ಅದನ್ನು ಎಳೆದು, ಕೊಡವಿ, ಚೀಲದಲ್ಲಿ ಮೇಲೆಯೇ ಇಟ್ಟೆ. ನಾಳೆ ಮೊದಲ ಮನೆಯಲ್ಲಿ ಬಾಗಿಲು ತೆಗೆದವರ ಹೆಗಲಿಗೆ ಅದು.