ದಫೇದಾರರಿಲ್ಲದ ಎಂಟು ದಿನ

ನಾನು ಪೊಲೀಸು ಠಾಣೆಯ ರೈಟರಾಗಿದ್ದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ, ಮತ್ತು ಈಗ ಪಾಂಡವಪುರವೆನ್ನುವ ಆಗಿನ ಫ್ರೆಂಚ್ ರಾಕ್ಸು, ಈ ನಾಲ್ಕು ತಾಲ್ಲೂಕುಗಳ ಒಳಗೇ ಎಲ್ಲೋ ಇತ್ತು ಎಂದರೆ ಸಾಕು. ಪ್ರತಿ ಊರಿನವರೂ ಇದು ಪಕ್ಕದ ಊರಿನ ಸಂಗತಿ ಎಂದುಕೊಂಡು ಸಂತೋಷಪಡಬಹುದು. ನಮ್ಮಲ್ಲಿ ಮುನಿಸಿಪಾಲಿಟಿ ಇತ್ತು, ಮುನಿಸಿಪಾಲಿಟಿಗೆ ಆರು ಸೀಮೆಎಣ್ಣೆ ದೀಪದ ಕಂಬಗಳಿದ್ದವು. ಆದ್ದರಿಂದ ನಾವು ನಗರವಾಸಿಗಳೆಂದೇ ನಮ್ಮ ತಿಳಿವಳಿಕೆ. ನಗರವೆಂದ ಮೇಲೆ ಅದಕ್ಕೊಬ್ಬ ಪೊಲೀಸು ಮುಖ್ಯಸ್ಥ ಬೇಕಲ್ಲ. ನಮಗೆ ದಫೇದಾರರಿದ್ದರು. ಅವರ ಕೈಕೆಳಗೆ ನಾಲ್ಕು ಜನ ಕಾನ್‌ಸ್ಟೇಬಲ್ಲುಗಳು, ಮತ್ತು ನಾನು.

ಅಂಥ ಹುದ್ದೆಗೆ ಯಾವ ಅರ್ಹತೆ ಇರಬೇಕು ಎಂಬುದರಲ್ಲಿ ಸರ್ಕಾರಕ್ಕೂ ಊರಿಗೂ ಒಮ್ಮತವಿರಲಿಲ್ಲ. ಸರ್ಕಾರಕ್ಕೆ ಇಷ್ಟು ಎತ್ತರ, ಇಷ್ಟು ಎದೆಯಗಲ, ಲೋಯರ್ ಸೆಕೆಂಡರಿ ಪಾಸು, ಕಾನೂನಿನ ಕಲಮುಗಳೆಲ್ಲ ಬಾಯಿಗೆ, ಮೇಲೆ ಕುದುರೆ ಸವಾರಿ ಬೇಕಾಗಿತ್ತು. ಊರಿಗೆ ಬೇಕಾದದ್ದೇ ಬೇರೆ. ಯಾರಿಗೆ ಯಾರು ಭಾವಮೈದ ಎಂಬುದು ಅವನಿಗೆ ಗೊತ್ತಿರಬೇಕು. ಕಾಫಿ ಕುಡಿದರೆ ಎಲ್ಲರ ಮನೆಯಲ್ಲೂ ಕುಡಿಯಬೇಕು, ಇಲ್ಲವೇ ಯಾರ ಮನೆಯಲ್ಲೂ ಕುಡಿಯಬಾರದು. ನಮ್ಮ ದಫೇದಾರರು ಎತ್ತರದಲ್ಲಿ ಸರ್ಕಾರದ ಅಳತೆಯನ್ನು ಮೀರಿದ್ದರು. ಓದು ಮೂರನೆಯ ಕ್ಲಾಸಿಗೆ ನಿಂತಿತ್ತು. ಕುದುರೆಯನ್ನು ಜೀವಮಾನದಲ್ಲಿ ಒಮ್ಮೆ ಹತ್ತಿದ್ದರು. ಎಲ್ಲಿ ಇಳಿಯಬೇಕೆಂಬುದನ್ನು ಕುದುರೆಯೇ ತೀರ್ಮಾನಿಸಿತ್ತು. ಆದರೂ ಹನ್ನೊಂದು ವರ್ಷದಿಂದ ಠಾಣೆ ಅವರ ಕೈಲೇ ನಡೆದಿತ್ತು.

ನಡೆಸುವ ಕ್ರಮ ಹೀಗೆ. ದೂರು ತಂದವನನ್ನು ಠಾಣೆಯ ಜಗಲಿಯ ಮೇಲೆ ಕೂರಿಸಿ, ಎದುರಾಳಿಯನ್ನೂ ಕರೆಸಿ ಪಕ್ಕದಲ್ಲೇ ಕೂರಿಸುತ್ತಿದ್ದರು. ಆಮೇಲೆ ದೂರು ತಂದವನು ತನ್ನ ಮಾತು ಆಡುವಂತಿಲ್ಲ. ಎದುರಾಳಿಯ ಮಾತನ್ನು ಆಡಬೇಕು. ಒಂದು ಸಲ ಕುಂಬಳಕಾಯಿ ವ್ಯಾಜ್ಯ ಬಂತು. ಗೋಡೆ ಹತ್ತಿದ ಬಳ್ಳಿಯ ಕಾಯನ್ನು ಪಕ್ಕದ ಮನೆಯವನು ಕುಯ್ದುಕೊಂಡನಂತೆ.

"ಅವ್ನು ಏನಂತಾನೆ, ಯೋಳು," ಎಂದರು ದಫೇದಾರರು.

"ಅವನ ಮಾತ ನಾನ್ಯಾಕೆ ಯೋಳ್ಲಿ ಬುದ್ಧಿ?"

"ಅದು ಗೊತ್ತಿಲ್ದೇನೆ ಬೆಳಗಿಂದ ಜಗಳ ಆಡ್ದಾ?"

"ನನ್ ಬಳ್ಳಿ ಅವನ ಎಂಚು ಒಡ್ದದೆ ಅಂತಾನೆ."

"ಒಡ್ದದಾ?"

"ಎಲ್ಡು ಒಡ್ದವೆ ಕಣ್ ಬುದ್ಧಿ."

"ಅಂಗಾದ್ರೆ ಎಂಚು ನೀನು ಆಕ್ಸ್ಕೊಡು. ಕಾಯಿ ಎಲ್ಡು ಮನೆಯೋರೂ ಸಾರು ಮಾಡ್ಕಳಿ. ನಡೀರ್ಲಾ."

ಇದರಲ್ಲಿ ಬರೆಯುವುದಕ್ಕೆ ಏನಿದೆ? ನಾನು ಬರೆಯುತ್ತಿರಲಿಲ್ಲ. ಕಳೆದ ವರ್ಷವಿಡೀ ಅಪರಾಧದ ರಿಜಿಸ್ಟರಿನಲ್ಲಿ ಮೂರು ನಮೂದುಗಳು. ಮಸಿಕುಡಿಕೆಯಲ್ಲಿ ಮಸಿ ಒಣಗಿ, ಪ್ರತಿ ಸಲವೂ ನೀರು ಹಾಕಿ ಕದಡಬೇಕಾಗುತ್ತಿತ್ತು.

ಹೀಗಿರುವಾಗ ಮೈಸೂರಿಂದ ಹುಕುಂ ಬಂತು. ಇನ್ನು ಮುಂದೆ ಇಂಥ ಠಾಣೆಗಳಿಗೆ ಪರೀಕ್ಷೆ ಪಾಸಾದ ಸಬ್-ಇನ್‌ಸ್ಪೆಕ್ಟರುಗಳೇ ಮುಖ್ಯಸ್ಥರು. ಈಗಿರುವ ದಫೇದಾರರ ಕೆಲಸವನ್ನು ಸೂಪರಿಂಟೆಂಡೆಂಟ್ ಸಾಹೇಬರು ಖುದ್ದು ಬಂದು ರಿಜಿಸ್ಟರು ನೋಡಿ ತೂಗುತ್ತಾರೆ. ತೃಪ್ತಿಯಾದರೆ ಇದ್ದ ಕಡೆಯೇ ಇಡಬಹುದು, ಇಲ್ಲದಿದ್ದರೆ ವರ್ಗ. ದಫೇದಾರರಿಗೆ ಪಿಂಚಣಿಗೆ ಇನ್ನು ಎರಡು ವರ್ಷವಿತ್ತು. ಒಬ್ಬಳೇ ಮಗಳನ್ನು ಅದೇ ಊರಿನಲ್ಲಿ ಕೊಟ್ಟಿದ್ದರು, ಅವಳು ಚೊಚ್ಚಲು ಬಸುರಿ. ಅವರ ಹೆಂಡತಿಯಂತೂ ವರ್ಗದ ಮಾತು ಕೇಳಿದ ದಿನವೇ ಹೇಳಿಬಿಟ್ಟಿದ್ದರು: "ಇವರ ಇಂದೆ ಏಳೂರು ಕಂಡಾಯ್ತು. ಇನ್ನ ನಾನು ಎಂಟ್ನೇ ಊರಿಗೆ ಬರದು ನಾಕು ಜನದ ಎಗಲ ಮ್ಯಾಲೆ."

ಸಾಹೇಬರಿಗೆ ಮುಂಚೆ ಇನ್‌ಸ್ಪೆಕ್ಟರು ಬಂದು ರಿಜಿಸ್ಟರು ತೆರೆದರು. ತಿರುವುವುದಕ್ಕೆ ಹಾಳೆ ಸಿಗದೆ ಮತ್ತೆ ಮುಚ್ಚಿದರು.

"ಮೂರು ಕೇಸಿಗೆ ಆರು ಜನ ಸಂಬಳ ತಿಂತೀರಲ್ರೀ. ಸಾಹೇಬರು ಇದನ್ನು ನೋಡಿದರೆ ನಿಮ್ಮನ್ನು ಇಲ್ಲಿ ಇಡ್ತಾರಾ?"

ದಫೇದಾರರು ಸಲಾಮು ಹೊಡೆದರು. ಮಾರನೆಯ ದಿನವೇ ಅವರು ಹೇಮಗಿರಿಗೆ ಹೊರಡಬೇಕಾಯಿತು. ಅಲ್ಲಿ ದನಗಳ ಜಾತ್ರೆ, ಸುತ್ತಿನ ಠಾಣೆಗಳಿಂದೆಲ್ಲ ಬಂದೋಬಸ್ತಿಗೆ ಜನ ಹೋಗುತ್ತಿದ್ದ ಕಾಲ. ಎಂಟು ದಿನಕ್ಕೆ ಠಾಣೆ ನನ್ನ ಪಾಲಿಗೆ ಬಂತು.

ಇನ್‌ಸ್ಪೆಕ್ಟರ ಮಾತನ್ನು ನಮ್ಮ ಕಾನ್‌ಸ್ಟೇಬಲ್ಲೊಬ್ಬ ಕ್ಷೌರಕ್ಕೆ ಕೂತಾಗ ಆಡಿದ. ಕ್ಷೌರದ ಕಟ್ಟೆಯ ಮೇಲೆ ಆಡಿದ ಮಾತಿಗೆ ಬೇರೆ ಡಂಗುರ ಬೇಕಿಲ್ಲ. ದಫೇದಾರರು ಉಳಿಯಬೇಕಾದರೆ ರಿಜಿಸ್ಟರು ತುಂಬಬೇಕು, ರಿಜಿಸ್ಟರು ತುಂಬಬೇಕಾದರೆ ಊರಿನಲ್ಲಿ ಕಳ್ಳತನವಾಗಬೇಕು ಎಂಬ ತೀರ್ಮಾನಕ್ಕೆ ನಗರದ ಮಹಾಜನತೆ ಸಂಜೆಯೊಳಗೆ ಬಂದಿತ್ತು. ಕದಿಯುವುದಕ್ಕೆ ಯಾರೂ ಒಪ್ಪಲಿಲ್ಲ. ಕಳೆದುಕೊಳ್ಳುವುದಕ್ಕೆ ಎಲ್ಲರೂ ಮುಂದೆ ಬಂದರು.

ಮೊದಲು ಬಂದವರು ಜಟಕಾ ಸಾಬರು. ಗಾಡಿಯನ್ನು ಠಾಣೆಯ ಮುಂದೆಯೇ ನಿಲ್ಲಿಸಿ, "ಲಗಾಮು ಚೋರಿ ಆಗೋಯ್ತು ರೈಟರ್ ಸಾಬ್," ಎಂದರು.

"ಕುದುರೆ ಬಾಯಲ್ಲಿರೋದು ಏನು ಸಾಬರೇ?"

"ಅದು ಹಳೇದು. ಹೋಗಿದ್ದು ಹೊಸದು."

"ಹೊಸದು ಯಾವಾಗ ತಂದಿದ್ರಿ?"

"ತರಬೇಕು ಅಂತಿದ್ದೆ. ಅಷ್ಟರಲ್ಲೇ ಹೋಯ್ತು."

ಅವರ ಹಿಂದೆ ವೀಳ್ಯದೆಲೆ ಮಾರುವ ಅಜ್ಜಿ. ಅವಳ ಮನೆಯ ಒಳಕಲ್ಲು ಹೋಗಿತ್ತು.

"ಒಳಕಲ್ಲು ನೆಲದಲ್ಲಿ ಹೂತಿರ್ತದಲ್ಲಜ್ಜಿ. ಅದನ್ನ ಯಾರು ಹೊತ್ಕೊಂಡು ಹೋಗ್ತಾರೆ?"

"ಅದ್ಕೇ ಮತ್ತೆ ಭಾರೀ ಕಳ್ಳ ಅಂತ ಬರ್ಕೊ. ಸಣ್ಣಪುಟ್ಟ ಕಳ್ಳನ್ನ ಇಡ್ದ್ರೆ ದಫೇದಾರಪ್ಪಂಗೆ ಏನು ಎಸ್ರು ಬತ್ತದ್ಲಾ?"

ನಾನು ಅವರನ್ನೆಲ್ಲ ಮನೆಗೆ ಅಟ್ಟಬಹುದಿತ್ತು. ಅಟ್ಟಲಿಲ್ಲ. ದೂರು ತಂದವರನ್ನು ರೈಟರು ತಿರಸ್ಕರಿಸಕೂಡದು ಎಂದು ನಿಯಮವಿದೆ. ನನ್ನ ಸೇವಾವಧಿಯಲ್ಲಿ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದು ಆ ಎಂಟು ದಿನ ಮಾತ್ರ. ದಫೇದಾರರು ಉಳಿಯಲಿ ಎಂಬ ಆಸೆ ನನಗೂ ಇತ್ತು. ಹಂಡೆ, ಪಂಚಪಾತ್ರೆ, ನೇಗಿಲಿನ ಗುಳ, ತೊಟ್ಟಿಲು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದೆ. ಒಟ್ಟು ಇಪ್ಪತ್ತೇಳಾದವು. ಮಸಿಗೆ ನೀರು ಹಾಕುವ ಪ್ರಮೇಯ ಬರಲಿಲ್ಲ.

ಹೇಮಗಿರಿಯಿಂದ ಬಂದ ದಫೇದಾರರು ಪೇಟ ಬಿಚ್ಚಿ ಗೂಟಕ್ಕೆ ಹಾಕಿ, "ಏನಾರ ಇತ್ತಾ?" ಎಂದು ಎಂದಿನಂತೆ ಕೇಳಿದರು. ನಾನು ರಿಜಿಸ್ಟರು ಓದಿದೆ. ಒಳಕಲ್ಲಿನವರೆಗೆ ನಿಂತೇ ಕೇಳಿದರು, ಆಮೇಲೆ ಕೂತರು.

"ಇದ್ನೆಲ್ಲ ಬರೆಯಕ್ಕೆ ನಿಂಗೆ ಯಾರ್ಲಾ ಯೋಳಿದ್ದು?"

"ನಿಮ್ಮ ಒಳ್ಳೇದಕ್ಕೆ ಅಂತ ಊರೋರು..."

"ಹಾಳೆ ಕೀಳಕ್ಕಾಯ್ತದಾ?"

"ಆಗಲ್ಲ. ಹಾಳೆಗೆಲ್ಲ ನಂಬರು ಹಾಕಿದೆ."

"ಸುಳ್ಳು ದೂರು ಅಂತ ಬರುದ್ರೆ?"

"ಸುಳ್ಳು ದೂರು ಕೊಟ್ಟದ್ದಕ್ಕೆ ಇಪ್ಪತ್ತೇಳು ಜನರ ಮೇಲೂ ಕೇಸು ಆಗ್ತದೆ."

"ನಿನ್ ಮ್ಯಾಲೆ?"

"ನನ್ನ ಮೇಲೂ."

ಅವರು ಮೀಸೆ ಸವರಿಕೊಂಡು, ಗೂಟದ ಮೇಲಿದ್ದ ಪೇಟವನ್ನು ಮತ್ತೆ ತಲೆಗಿಟ್ಟುಕೊಂಡರು. "ಅಂಗಾದ್ರೆ ಎಲ್ಲಾನೂ ಉಡುಕ್ಬೇಕು, ಏಳು," ಎಂದರು.

ಎರಡು ದಿನ ಮನೆಮನೆ ತಿರುಗಿದೆವು. ಕಳುವಾದ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಕಳುವಾದ ತೊಟ್ಟಿಲಲ್ಲಿ ಮಗು ಮಲಗಿತ್ತು. ಕಳುವಾದ ಒಳಕಲ್ಲಿನಲ್ಲಿ ಅಜ್ಜಿ ಕಾರ ಅರೆಯುತ್ತಿದ್ದಳು. ದಫೇದಾರರು ಮಾಲನ್ನು ಬೆರಳಲ್ಲಿ ಮುಟ್ಟಿ ಮುಂದಕ್ಕೆ ನಡೆದರು. ನಾನು ಪ್ರತಿಯೊಂದರ ಎದುರಿಗೂ 'ಮಾಲು ಸಿಕ್ಕಿದೆ, ಕಳ್ಳ ತಿಳಿದುಬಂದಿಲ್ಲ' ಎಂದು ಬರೆದೆ. ಸಾಬರ ಲಗಾಮು ಮಾತ್ರ ಕಷ್ಟಕ್ಕಿಟ್ಟುಕೊಂಡಿತು; ಸಿಗಬೇಕಾದರೆ ಮೊದಲು ಅದು ಇರಬೇಕಲ್ಲ. ಸಾಬರು ಅದೇ ದಿನ ಹೋಗಿ ಹೊಸದನ್ನು ಕೊಂಡುತಂದರು.

ಅದರ ಮುಂದಿನ ವಾರ ಸೂಪರಿಂಟೆಂಡೆಂಟ್ ಸಾಹೇಬರು ಮೋಟಾರಿನಲ್ಲಿ ಬಂದರು. ಕನ್ನಡಕದ, ಮಿತಭಾಷಿ ಮನುಷ್ಯ. ರಿಜಿಸ್ಟರನ್ನು ಎರಡು ಸಲ ಓದಿದರು. ಬೆರಳನ್ನು ತಾರೀಖುಗಳ ಮೇಲೆ ಇಟ್ಟುಕೊಂಡು ಕೇಳಿದರು:

"ಈ ಎಂಟು ದಿನ ನೀವೆಲ್ಲಿದ್ದಿರಿ?"

"ಏಮಗಿರಿ ಬಂದೋಬಸ್ತು, ಸ್ವಾಮಿ."

"ನೀವು ಹೋದ ದಿನ ಕಳವು ಶುರುವಾಗಿದೆ. ಬಂದ ದಿನ ನಿಂತಿದೆ. ಎರಡೇ ದಿನದಲ್ಲಿ ಎಲ್ಲ ಮಾಲೂ ಸಿಕ್ಕಿದೆ."

ಜಗಲಿಯ ಕೆಳಗೆ ನೆರೆದಿದ್ದ ಮಹಾಜನರ ಮುಖ ಅರಳಿತು.

"ಇಂಥವರು ಇಂಥ ಊರಿನಲ್ಲಿ ಇದ್ದು ಹಾಳಾಗಬಾರದು," ಎಂದರು ಸಾಹೇಬರು. "ಮೈಸೂರಿನಲ್ಲಿ ಸಂತೆಪೇಟೆ ಕಡೆ ಕಳ್ಳರ ಕಾಟ ಜಾಸ್ತಿಯಾಗಿದೆ. ಬಡ್ತಿ ಕೊಟ್ಟು, ಜಮಾದಾರರನ್ನಾಗಿ ಮಾಡಿ ಕರೆಸಿಕೊಳ್ತೇನೆ."

"ನಾನು ಮೂರ್ನೇ ಕ್ಲಾಸು, ಸ್ವಾಮಿ."

"ಪರೀಕ್ಷೆಯಿಂದ ವಿನಾಯಿತಿ ಕೊಡೋಣ."

"ಕುದ್ರೆ ಮ್ಯಾಲೆ ಕೂರಕ್ಕೆ ಬರಕಿಲ್ಲ."

"ಅಲ್ಲಿ ಸೈಕಲ್ಲಿದೆ."

"ಅದೂ ಬರಕಿಲ್ಲ, ಸ್ವಾಮಿ."

ತನಗಿರುವ ಅನರ್ಹತೆಗಳನ್ನು ಒಬ್ಬ ಮನುಷ್ಯ ಅಷ್ಟು ಶ್ರದ್ಧೆಯಿಂದ ಸಾದರಪಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಹೇಬರು ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಮೆಚ್ಚಿದರು. ನಿಜ ಹೇಳುವುದಕ್ಕೆ ಒಂದು ವಾಕ್ಯ ಸಾಕಿತ್ತು. ದಫೇದಾರರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಜಗಲಿಯ ಕೆಳಗಿನ ಜನರ ಕಡೆ ನೋಡಿದರು, ಆಮೇಲೆ ಸಲಾಮು ಹೊಡೆದರು. ನಾನೂ ಬಾಯಿ ಬಿಡಲಿಲ್ಲ. ಹಾಗೆ ಬಿಡದಿದ್ದುದಕ್ಕೆ ಇಂದಿನವರೆಗೂ ನನ್ನಲ್ಲಿ ಒಳ್ಳೆಯ ಕಾರಣವಿಲ್ಲ.

ಬಸ್ಸು ಹತ್ತುವ ದಿನ ಊರೇ ಬಂದಿತ್ತು. ಹಾರ ತಂದವರಿಗೆ ಅವರು, "ನಿಮ್ಮಿಂದ ಉಪಕಾರ ಆಗಿರೋದೆ ಸಾಕು ಕಣ್ರಲಾ, ಇದ್ನೂ ಒತ್ಕಂಡು ಓಗಕಾಗಕಿಲ್ಲ," ಎಂದರು. ಅವರ ಹೆಂಡತಿ ತಾವು ಆಡಿದ ಮಾತಿನಂತೆ ಮಗಳ ಮನೆಯಲ್ಲೇ ಉಳಿದರು. ಬಸ್ಸು ಕಣ್ಮರೆಯಾದ ಮೇಲೆ ಅವರು ನೆಟ್ಟಗೆ ನನ್ನ ಹತ್ತಿರ ಬಂದರು.

"ಬರ್ದೋನು ನೀನೇ ಅಲ್ವಾ?"

"ಹೌದಕ್ಕ."

"ಅವರಿಗೆ ಓಟ್ಲು ಅನ್ನ ಒಗ್ಗಕಿಲ್ಲ. ತಿಂಗ್ಳಿಗೊಂದ್ ದಪ ರಾಗಿ ಇಟ್ಟು, ಉಳ್ಳಿಕಾಳು, ಕಾರದಪುಡಿ ನಾನು ಕಟ್ಕೊಡ್ತೀನಿ. ನೀನು ಒತ್ಕಂಡೋಗಿ ಕೊಟ್ಬುಟ್ಟು ಬಾ. ಪಿಂಚಣಿ ಆಗಗಂಟ."

ಕಾನೂನಿನ ಯಾವ ಕಲಮಿನಲ್ಲೂ ಈ ಶಿಕ್ಷೆ ಇಲ್ಲ. ನಾನು ಅಪೀಲು ಮಾಡಲಿಲ್ಲ. ನಮ್ಮ ಠಾಣೆಗೆ ಎಲ್ಲ ಅರ್ಹತೆಗಳೂ ಉಳ್ಳ ಸಬ್-ಇನ್‌ಸ್ಪೆಕ್ಟರು ಬಂದರು. ಕುಂಬಳಕಾಯಿಯನ್ನೂ ಬರೆಸುತ್ತಿದ್ದರು. ಅವರಿಂದ ತಿಂಗಳಿಗೊಂದು ರಜೆ ಬೇಡಿ, ಗಂಟು ಹೊತ್ತು ಮೈಸೂರಿನ ಪೊಲೀಸು ಲೈನಿಗೆ ಹೋಗುತ್ತಿದ್ದೆ. ದಫೇದಾರರು ತಾವೇ ಮುದ್ದೆ ತಿರುವಿ ನನಗೂ ಇಕ್ಕುತ್ತಿದ್ದರು. ರಿಜಿಸ್ಟರಿನ ಮಾತು ಒಂದು ದಿನವೂ ಎತ್ತಲಿಲ್ಲ. ಮೊಮ್ಮಗನಿಗೆ ಎಷ್ಟು ಹಲ್ಲು ಬಂದವು ಎಂದು ಮಾತ್ರ ಕೇಳುತ್ತಿದ್ದರು. ಅದಕ್ಕಾಗಿ ನಾನು ಹೊರಡುವ ಮುಂಚೆ ಹೋಗಿ ಮಗುವಿನ ಬಾಯಿ ನೋಡಿಕೊಂಡು ಬರುತ್ತಿದ್ದೆ.

ಇಪ್ಪತ್ತೆರಡು ಸಲ ಹೋದೆ. ಇಪ್ಪತ್ತಮೂರನೆಯ ತಿಂಗಳು ಗಂಟು ತರಲು ಹೋದಾಗ ದಫೇದಾರರೇ ಮಗಳ ಮನೆಯ ಜಗಲಿಯ ಮೇಲೆ ಕೂತು ಮೊಮ್ಮಗನ ಕೈಯಿಂದ ತಮ್ಮ ಮೀಸೆ ಬಿಡಿಸಿಕೊಳ್ಳುತ್ತಿದ್ದರು. "ಈ ತಿಂಗ್ಳು ಬ್ಯಾಡ ಕಣ್ಲಾ," ಎಂದರು. "ನಾನೇ ಬಂದ್ಬುಟ್ಟೆ."