ಟವೆಲ್ ಮರೆಯಲ್ಲಿ ಕಾರಿನ ವ್ಯಾಪಾರ

ಪೂರಿಗಾಲಿಯ ತಂಗಿ ಚೆನ್ನಮ್ಮ, ಮಂಡಿನೋವು ಹೇಗಿದೆ? ಕೊಪ್ಪದ ತಮ್ಮ ಸಿದ್ದ, ಕೆಮ್ಮು ನಿಂತಿತೇ? ಮಕ್ಕಳೇ, ನೀವೆಲ್ಲ ಕ್ಷೇಮವೇ? ಈ ಕಾಗದ ಎಲ್ಲರಿಗೂ ಸೇರಿ ಬರೆದದ್ದು.

ಚೆನ್ನಮ್ಮ, ನಿನಗೆ ಬಸ್ಸು ಹತ್ತಲಾಗದೆ ತವರಿಗೆ ಬರುವುದೇ ತಪ್ಪಿಹೋಯಿತು. ನಿನ್ನನ್ನು ಕರೆತರುವ ಆಸೆಯಿಂದ ಇವತ್ತು ಮಂಡ್ಯದಲ್ಲಿ ಕರೆಂಟು ಕಾರು ಕೇಳಲು ಹೋಗಿದ್ದೆ. ದನದ ವ್ಯಾಪಾರದ ರೂಢಿಯಂತೆ, ಟವೆಲ್ ಮರೆಯಲ್ಲಿ ಅಂಗಡಿಯವನ ಬೆರಳು ಹಿಡಿದು ಬೆಲೆ ಹೇಳಿದೆ.

"ಇದೇನ್ ತಾತ, ಕೈ ಇಡ್ಕೊಂಡ್ರಿ?"

"ರೇಟು ಕಣಪ್ಪ. ಇಷ್ಟಕ್ಕೆ ಕೊಟ್ಬುಡು."

"ಬೆರಳು ಬುಡಿ, ಒಸಿ ಇಳಿಸ್ತೀನಿ. ಆದ್ರೆ ನಿಮ್ ವಯಸ್ಸಿಗೆ ಒಬ್ರಿಗೇ ಲೋನ್ ಕೊಡಕ್ಕಿಲ್ಲ. ಮನೆಯವ್ರು ಯಾರಾದ್ರೂ ಜೊತೆಗೆ ಸೈನ್ ಆಕ್ಬೇಕು."

ಹಿಂದೆ ಎತ್ತು ಕೊಳ್ಳುವಾಗ ವಯಸ್ಸು ತಿಳಿಯಲು ಎತ್ತಿನ ಹಲ್ಲು ನೋಡುತ್ತಿದ್ದೆವು. ಈಗ ಕೊಳ್ಳುವವನ ಹಲ್ಲನ್ನೇ ಎಣಿಸುತ್ತಾರೆ!

ತಂಗಿಯನ್ನು ಒಮ್ಮೆ ನಮ್ಮ ಹೊಸ್ತಿಲು ದಾಟಿಸಬೇಕು. ಸಿದ್ದ, ಮಕ್ಕಳೇ, ಸೈನ್ ಹಾಕುವವರು ಯಾರೆಂದು ಬೇಗ ಬರೆಯಿರಪ್ಪ.