ಸಾತಪ್ಪ ಕಟ್ಟಿದ ಹುಳ

ನಾನು ಅಸಂಗಿಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಹಾಲವ್ವ ಗಂಡನ ಜೊತೆ ಮಾತು ಬಿಟ್ಟು ಮೂರ್ನಾಲ್ಕು ವರ್ಷವಾಗಿತ್ತು. ಜಗಳವಿರಲಿಲ್ಲ. ರೊಟ್ಟಿ ಬಡಿದು ಹಾಕುತ್ತಿದ್ದಳು, ನೀರು ಕಾಯಿಸಿಡುತ್ತಿದ್ದಳು. ಹೇಳುವುದಿದ್ದರೆ ಬಾಗಿಲಲ್ಲಿ ಕಟ್ಟಿದ ಕುರಿಮರಿಗೆ ಹೇಳುತ್ತಿದ್ದಳು. ನಾನು ಬಂದ ಮೇಲೆ ಮರಿಗೆ ಬಿಡುವಾಯಿತು, ನನಗೆ ಕೆಲಸ ಹತ್ತಿತು. ಮಾವ ಸಾತಪ್ಪನವರು ಎದುರಿಗೇ ಕೂತಿದ್ದರೂ ಅವಳ ಮಾತನ್ನು ನಾನು ಅವರಿಗೆ ಒಯ್ಯಬೇಕು, ಅವರ ಉತ್ತರವನ್ನು ಅವಳಿಗೆ ತರಬೇಕು. ಹೊಸ ಸೊಸೆ, ಬಾಯಿ ಬಿಡುವ ಹಾಗಿಲ್ಲ, ಒಳಗೊಳಗೇ ಉರಿಯುತ್ತಿದ್ದೆ.

ಕಾರಣ ಆಮೇಲೆ ತಿಳಿಯಿತು. ಮಾವ ಲಡಾಯಿಯ ಕಾಲಕ್ಕೆ ಪಲ್ಟಣ ಸೇರಿದವರು. ಲಡಾಯಿ ಮುಗಿದರೂ ಊರಿಗೆ ಬರದೆ ಒಬ್ಬ ಸಾಹೇಬನ ಆಳಾಗಿ ನೀಲಗಿರಿ ಬೆಟ್ಟದಲ್ಲಿ ಉಳಿದರು. ಸ್ವಾತಂತ್ರ್ಯ ಬಂದು ಸಾಹೇಬ ಹಡಗು ಹತ್ತಿದ ಮೇಲೆ ಮನೆಯ ದಾರಿ ಹಿಡಿದರು. ಇಷ್ಟು ದಿನ ಅಲ್ಲೇನು ಮಾಡಿದಿರಿ ಎಂದು ಅತ್ತೆ ಕೇಳಿದರೆ, ಮೀನಿಗೆ ಹುಳ ಕಟ್ಟುತ್ತಿದ್ದೆ ಅಂದರಂತೆ. ಕೊಕ್ಕೆಗೆ ಗರಿ, ದಾರ ಸುತ್ತಿ ಹುಳ ಮಾಡುವುದಂತೆ, ಟ್ರೌಟ್ ಎಂಬ ಚುಕ್ಕೆಮೀನು ಅದನ್ನು ನಿಜವೆಂದು ನುಂಗುವುದಂತೆ! ಬೆಟ್ಟದಲ್ಲಿ ಒಬ್ಬಳಿದ್ದಳು ಎಂದು ಅತ್ತೆ ಆ ಹೊತ್ತೇ ತೀರ್ಮಾನಿಸಿಬಿಟ್ಟಳು. ಹೆಣ್ಣಿಗಾಗಿ ಮನೆ ಮರೆತ ಗಂಡಸರನ್ನು ನಾನೂ ಕೇಳಿದ್ದೆ, ಹುಳಕ್ಕಾಗಿ ಮರೆತವರನ್ನು ಕೇಳಿರಲಿಲ್ಲ.

ನಾನು ಬಂದ ವರ್ಷವೇ ಅತ್ತೆ ಬಣವೆಯಿಂದ ಬಿದ್ದು ಕಾಲು ಮುರಿದುಕೊಂಡಳು. ಅಂಗಳದ ಬೇವಿನ ಕೆಳಗೆ, ಕುರಿಗಳಿಗೆ ನೀರು ಹಾಕುವ ಕಲ್ಲಿನ ಬಾನಿಯ ಪಕ್ಕ ಅವಳು ಮಲಗಲು ಹಗ್ಗದ ಹೊರಸು ಹಾಕಿದ್ದೆವು. ಮೊದಲ ಮಳೆ ಬಿದ್ದ ಸಂಜೆ ಮಳೆಹುಳಗಳು ಎದ್ದವು. ಮಾವ ಅವುಗಳನ್ನೇ ನೋಡುತ್ತ ನನಗೆ ಹೇಳತೊಡಗಿದರು. ಅಲ್ಲಿ ಹೊಳೆಯ ಮೇಲೂ ಸಂಜೆಗೆ ಹುಳಗಳು ಏರುತ್ತ ಇಳಿಯುತ್ತ ಕುಣಿಯುತ್ತವಂತೆ. ಕುಣಿದು, ನೀರಿಗೆ ಮೊಟ್ಟೆಯಿಟ್ಟು, ರೆಕ್ಕೆ ಎರಡೂ ಬದಿಗೆ ಚಾಚಿ ನೀರ ಮೇಲೇ ಮಲಗಿಬಿಡುತ್ತವಂತೆ. ಸಾಹೇಬ ಅದಕ್ಕೆ ಸ್ಪಿನ್ನರ್ ಅನ್ನುತ್ತಿದ್ದನಂತೆ. ಮಂಜು ಇಳಿದು, ಹೊಳೆ ಯಾವುದು ಆಕಾಶ ಯಾವುದು ತಿಳಿಯದ ಹೊತ್ತಿನಲ್ಲಿ ಮೀನು ಸದ್ದಿಲ್ಲದೆ ಎದ್ದು ಅದನ್ನು ಹೀರುತ್ತದಂತೆ. ಕೇಳುತ್ತ ನನಗೆ ನಮ್ಮ ಅಂಗಳವೇ ತೇಲಿದಂತಾಯಿತು.

ಅತ್ತೆ ಆ ಕಡೆ ಮಗ್ಗುಲಾಗಿ ಅಂದಳು: "ನಿಮ್ಮ ಮಾವಗ ಹೇಳ, ಕಟ್ಟಿ ತೋರಸ್ರಿ ಅಂತ. ಅಷ್ಟ ವರ್ಷ ಅದನ್ನ ಮಾಡಿದ್ರ ಕೈ ಮರತಿರೂದಿಲ್ಲ."

ಮಾವ ಎದ್ದು ಕೊಕ್ಕೆ ಹುಡುಕತೊಡಗಿದರು. ಕೈ ತಪ್ಪಿದರೆ ಸುಳ್ಳುಗಾರನೆಂಬುದು ಸಾಯುವವರೆಗೂ ಖಾಯಂ.

ತುಕ್ಕು ಹಿಡಿಯದ ಕೊಕ್ಕೆ ಅವರ ಬಳಿ ಒಂದೇ ಒಂದು ಉಳಿದಿತ್ತು. ಮರುದಿನ ಹುಳದ ಬಾಲಕ್ಕೆ ಹೋತದ ಗಡ್ಡದಿಂದ ಕೂದಲು ಆರಿಸಿದರು, ಹೋತ ಒದೆಯಿತು. ರೆಕ್ಕೆಗೆ ನಮ್ಮ ಹ್ಯಾಟೆಕೋಳಿಯ ಗರಿ ಮೆತ್ತಗಾಯಿತು, ನೀರು ತಾಕಿದರೆ ಜೋತುಬೀಳುತ್ತದೆ ಅಂದರು. ನೆರೆಯ ದುಂಡಪ್ಪನ ಮನೆಯ ಮುದಿ ಹುಂಜದ ಕುತ್ತಿಗೆಯಿಂದ ಗರಿ ಕಿತ್ತು ತಂದು, ಒಂದೊಂದನ್ನೂ ಆಕಾಶಕ್ಕೆ ಹಿಡಿದು ನೋಡಿ, ಬಿರುಸಾಗಿದ್ದ ಒಂದನ್ನು ಇಟ್ಟುಕೊಂಡರು. ದಾರಕ್ಕೆ ರೇಷ್ಮೆ ಬೇಕಿತ್ತು. ಕೇಳಲು ನನ್ನನ್ನೇ ಕಳಿಸಿದರು. ಅತ್ತೆ ತನ್ನ ಮದುವೆಯ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ಎಳೆಯೊಂದನ್ನು ಜಗ್ಗಿ ಕೊಟ್ಟಳು.

ಹುಳದ ಮೈಗೆ ಏನು ಸುತ್ತಬೇಕೆಂದು ಮಾತ್ರ ಅವರು ಯೋಚಿಸಲೇ ಇಲ್ಲ. ಬೆಟ್ಟದಲ್ಲಿ ಸಾಹೇಬನ ಡಬ್ಬಿಯ ಸಾಮಾನಿತ್ತು. ಇಲ್ಲಿ ಕುರುಬನ ಮನೆಯಲ್ಲಿ ಉಣ್ಣೆಗೇನು ಬರ? ಕಂಬಳಿಗೆಂದು ತೊಳೆದು ಹಿಂಜಿಟ್ಟ ಚಲೋ ಉಣ್ಣೆಯನ್ನೇ ತೆಗೆದುಕೊಂಡರು. ಆ ದಪ್ಪ ಬೆರಳುಗಳು ಕೊಕ್ಕೆಯ ಸುತ್ತ ತಾವಾಗಿಯೇ ಓಡಾಡಿದವು. ಅತ್ತೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿ, ರೆಪ್ಪೆಯ ಸಂದಿಯಿಂದ ಆ ಬೆರಳುಗಳನ್ನೇ ನೋಡುತ್ತಿದ್ದಳು.

ಹುಳ ಬಾನಿಗೆ ಇಳಿಯಿತು, ಗುಳುಕ್ಕನೆ ಮುಳುಗಿತು. ಮಾವ ಅಲ್ಲೇ ಕುಕ್ಕರಿಸಿದರು. ಅಯ್ಯೋ ಪಾಪ ಅನಿಸಿತು ನನಗೆ.

ಹೊರಸಿನಿಂದ ಅತ್ತೆಯ ಧ್ವನಿ ಬಂತು. "ನಿಮ್ಮ ಮಾವಗ ಹೇಳ, ತೊಳದ ಉಣ್ಣಿ ಜಿಡ್ಡ ಕಳಕೊಂಡಿರತದ, ನೀರ ಕುಡೀತದ. ಜಾಲಿ ಮುಳ್ಳಿಗೆ ಹತ್ತಿದ್ದ ತರ್ರಿ ಅನ್ನು."

ಬೇಲಿಗೆ ಮೈ ಉಜ್ಜಿದ ಕುರಿಗಳು ಬಿಟ್ಟುಹೋದ ಜಿಡ್ಡುಗಟ್ಟಿದ ಎಳೆಗಳನ್ನು ಮಾವ ಓಡಿಹೋಗಿ ಬಿಡಿಸಿ ತಂದರು. ಹಳೆಯದನ್ನು ಬಿಚ್ಚಿ ಅದೇ ಕೊಕ್ಕೆಗೆ ಮತ್ತೆ ಕಟ್ಟಿದರು. ಗಾಳದ ದಾರದ ಬದಲಿಗೆ ಕುದುರೆ ಬಾಲದ ಕೂದಲಿನ ತುದಿಗೆ ಸಿಕ್ಕಿಸಿ, ದೀಪ ಹಚ್ಚುವ ಹೊತ್ತಿಗೆ ನೀರಿಗೆ ಬಿಟ್ಟರು.

ಹುಳ ಮುಳುಗಲಿಲ್ಲ. ರೆಕ್ಕೆ ಎರಡೂ ಬದಿಗೆ ಚಾಚಿ ಹಾಗೇ ಮಲಗಿತು. ಆ ಸಂಜೆಯೂ ಎದ್ದು ಸುತ್ತ ಬಿದ್ದ ಮಳೆಹುಳಗಳ ನಡುವೆ ಯಾವುದು ಕಟ್ಟಿದ್ದು, ಯಾವುದು ನಿಜ ಎಂದು ನನಗೇ ಗೊತ್ತಾಗಲಿಲ್ಲ. ಮಾವ ಕೂದಲಿನ ತುದಿ ಹಿಡಿದು ಕೂತಿದ್ದರು. ನಮ್ಮ ಅಂಗಳದಲ್ಲಿ ಇರಲಿಲ್ಲ ಅವರು.

ಆಗ ಅತ್ತೆ ಹೊರಸಿನಿಂದ ಬಾಗಿ ಬಾನಿಯೊಳಗೆ ಕೈ ಬಿಟ್ಟಳು. ಬಳೆಗಳು ಒಮ್ಮೆ ಮಿನುಗಿ ನೀರೊಳಗೆ ಹೋದವು. ಕೈ ತಳದಿಂದ ಮೆಲ್ಲಗೆ ಏರಿತು, ಹುಳವನ್ನು ಹಿಡಿದು ಕೆಳಗೆಳೆಯಿತು. ಕೊಕ್ಕೆ ಚುಚ್ಚಿತೇನೋ, ಮುಖ ಕಿವುಚಿದಳು, ಆದರೆ ಬಿಡಲಿಲ್ಲ.

ಮಾವ ನನ್ನ ಮುಖ ನೋಡಿದರು, ಅತ್ತೆ ಏನು ಹೇಳಿ ಕಳಿಸುತ್ತಾಳೋ ಎಂದು. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ.

"ಜಗ್ಗ್ರಿ," ಅಂದಳು ಗಂಡನಿಗೆ. "ಈ ಸರ್ತೆ ಬಿಡಬ್ಯಾಡ್ರಿ."